ಹಳೆಯ ಆಂಪ್ಲಿಫೈಯರ್ ಕೊಳ್ಳುವ ಮುನ್ನ ಮುಚ್ಚಳ ತೆಗೆಸು

ಮಗೂ, 40,000 ರೂಪಾಯಿ ಕೊಟ್ಟು ಹಳೆಯ ಸಾನ್ಸುಯಿ ಎಯು-717 ತರುವುದೋ, 8,000ದ ಹೊಸ ಪುಟ್ಟ ಆಂಪ್ಲಿಫೈಯರ್ ಸಾಕೋ, ದುಡ್ಡು ನೀರುಪಾಲಾದೀತೆಂಬ ಹೆದರಿಕೆ ಎಂದು ನೀನು ಬೆಳಿಗ್ಗೆ ಗುಂಪಿನಲ್ಲಿ ಬರೆದದ್ದನ್ನು ಓದಿದೆ. ಮಸ್ಕತ್ ಭಾವ ತಂದ ಜಪಾನಿನ ಆಂಪ್ಲಿಫೈಯರನ್ನು ಕಾರ್ಕಳದ ಮನೆಯಲ್ಲಿ ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಅದಕ್ಕೆ ಜೋಡಿಸಿದ್ದ ಸ್ಪೀಕರ್ ಸುಟ್ಟ ಕಥೆ ಮಾತ್ರ ನಿಮ್ಮ ತಲೆಮಾರಿಗೆ ಗೊತ್ತಿರಲಾರದು.

ಎಡಗಡೆಯ ಸ್ಪೀಕರ್ ಆಗಾಗ ಸುಮ್ಮನಾಗುತ್ತಿತ್ತು, ವಾಲ್ಯೂಮ್ ಏರಿಸಿದರೆ ಪುನಃ ಬರುತ್ತಿತ್ತು. ಸ್ಪೀಕರಿಗೆ ಹೋಗುವ ದಾರಿಯನ್ನು ತಾನಾಗಿ ಕೂಡಿಸಿ ಕಡಿಯುವ ಸ್ವಿಚ್ಚಿನ, ಅಂದರೆ ರಿಲೇಯ, ಕಾಂಟ್ಯಾಕ್ಟುಗಳು ಕಪ್ಪಾದಾಗ ಹಾಗಾಗುತ್ತದೆ. ಪೇಟೆಯ ರಿಪೇರಿಯವನು ರಿಲೇ ಬದಲಿಸದೆ, ಅದರ ಎರಡು ಕಾಲುಗಳಿಗೆ ಒಂದು ತುಂಡು ತಂತಿಯನ್ನು ಬೆಸೆದು, ಮುಚ್ಚಳ ಬಿಗಿದು, ಪೂರ್ತಿ ದುಡ್ಡು ಎಣಿಸಿಕೊಂಡ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ ಒಳಗಿನ ಡಿಸಿ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನ) ವೋಲ್ಟೇಜ್ ನೇರವಾಗಿ ಸ್ಪೀಕರಿಗೆ ನುಗ್ಗದಂತೆ ತಡೆಯುವುದೇ ಆ ರಿಲೇಯ ಕೆಲಸ; ತಂತಿ ಬೆಸೆದ ಮೇಲೆ ಅದು ಇದ್ದೂ ಇಲ್ಲದಂತಾಯಿತು. ಒಂದು ಮಳೆಗಾಲದ ಸಂಜೆ ಟ್ರಾನ್ಸಿಸ್ಟರ್ ಕೈಕೊಟ್ಟಿತು. ವೂಫರಿನ, ಅಂದರೆ ದಪ್ಪ ದನಿಯ ದೊಡ್ಡ ಸ್ಪೀಕರಿನ, ಕೋನ್ ಮುಂದಕ್ಕೆ ಉಬ್ಬಿ ಅಲ್ಲೇ ನಿಂತಿತು, ಕಾಯಿಲ್ ಸುಟ್ಟ ವಾಸನೆ ಚಾವಡಿ ತುಂಬಿತು. ಆದ್ದರಿಂದ ಮುಚ್ಚಳ ಬಿಚ್ಚಿ ನೋಡದೆ ಹಳೆಯದಕ್ಕೆ ನಿನ್ನ ಸ್ಪೀಕರ್ ಜೋಡಿಸಬೇಡ.

ಹಳೆಯದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ವ್ಯಾಟ್ ಲೆಕ್ಕವನ್ನು ಎಡ ಬಲ ಎರಡೂ ಚಾನೆಲ್ ಒಟ್ಟಿಗೆ ನಡೆಸಿ ಅಳೆದೇ ಜಾಹೀರಾತು ಮಾಡಬೇಕೆಂದು ಅಮೆರಿಕದಲ್ಲಿ 1974ರಲ್ಲಿ ನಿಯಮ ಬಂದಿತ್ತು. ಹಾಗಾಗಿ ಸಾನ್ಸುಯಿ ಎಯು-717ರ ಚಾನೆಲಿಗೆ 85 ವ್ಯಾಟ್ ನಿಜವಾದ 85 ವ್ಯಾಟೇ. ಹೊಸ ಡಬ್ಬಿಗಳ ಮೇಲೆ 100+100 ಎಂದು ಬರೆದು, ಜೊತೆಗೆ 24 ವೋಲ್ಟ್, 4.5 ಆಂಪಿಯರ್ ಅಡಾಪ್ಟರ್ ಕೊಡುವುದುಂಟು. ಗುಣಿಸಿದರೆ 108 ವ್ಯಾಟ್, ಉಳಿದದ್ದು ಎಲ್ಲಿಂದ ಬರಬೇಕು? ಆದರೂ ಮತ್ತೊಮ್ಮೆ ಹೇಳುತ್ತೇನೆ, ಒಳಗೆ ನೋಡದೆ ಸ್ಪೀಕರ್ ಜೋಡಿಸಬೇಡ.

ಮನೆ ಪಾಲಾದಾಗ ಆಂಪ್ಲಿಫೈಯರ್ ತನಗಿರಲಿ ಎಂದು ಜಗಳವಾಡಿದವರೇ, ನನ್ನನ್ನು ಒಂದು ಮಾತೂ ಕೇಳದೆ, ಎಲ್‌ಪಿ ರೆಕಾರ್ಡುಗಳನ್ನೆಲ್ಲ ಗುಜರಿಗೆ ತೂಕಕ್ಕೆ ಹಾಕಿದರು. ರೆಕಾರ್ಡ್ ಪ್ಲೇಯರ್ ಜೋಡಿಸುವ ಫೋನೋ ಇನ್‌ಪುಟ್ ಇರುವ ಯಂತ್ರಕ್ಕೆ ರೆಕಾರ್ಡೇ ಇಲ್ಲವೆಂದರೆ ಏನು ಹೇಳುವುದು? ಅವರು ಈ ಗುಂಪಿನಲ್ಲಿಯೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಅಯ್ಯೋ, ನೀನು ಕೇಳಿದ್ದು ಬೆಲೆಯ ವಿಚಾರವಲ್ಲವೇ! ಮೊಬೈಲಿನಿಂದ ಹಾಡು ಕೇಳುವುದಷ್ಟೇ ಆದರೆ ಹೊಸದನ್ನೇ ತಾ, ಚಿಕ್ಕ ಕೋಣೆಗೆ ಧಾರಾಳವಾಯಿತು. ಸಾನ್ಸುಯಿಯೇ ಬೇಕೆಂದರೆ, ಸ್ಪೀಕರ್ ಇಲ್ಲದೆ ಆನ್ ಮಾಡಿಸು. ಕೆಲವು ಸೆಕೆಂಡುಗಳ ನಂತರ ರಿಲೇ ಟಕ್ ಎನ್ನಬೇಕು. ಆಮೇಲೆ ಸ್ಪೀಕರ್ ಟರ್ಮಿನಲ್ಲುಗಳಲ್ಲಿ ಮಲ್ಟಿಮೀಟರ್ ಇಟ್ಟು ಡಿಸಿ ಅಳೆ. 50 ಮಿಲಿವೋಲ್ಟಿನೊಳಗಿದ್ದರೆ ಸರಿ, ವೋಲ್ಟುಗಳ ಲೆಕ್ಕದಲ್ಲಿ ಬಂದರೆ ಎದ್ದು ಬಾ. ವಯಸ್ಸಾದಂತೆ ಸೊರಗುವ ಕೆಪಾಸಿಟರುಗಳು ಮೂಲದವೇ ಆಗಿದ್ದರೆ ಬದಲಿಸುವ ಖರ್ಚನ್ನು 40,000ದಲ್ಲೇ ಕಳೆದು ಕೇಳು. ಹಿಂಬದಿಯಲ್ಲಿ 100 ವೋಲ್ಟ್ ಎಂದಷ್ಟೇ ಬರೆದಿದ್ದರೆ ಅದು ಜಪಾನಿನೊಳಗೆ ಮಾರಿದ್ದು. ನಮ್ಮ 230 ವೋಲ್ಟಿಗೆ ನೇರ ಹಾಕುವಂತಿಲ್ಲ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ದುಡ್ಡನ್ನೂ ಕಳೆಯಲು ಹೇಳು.