ಫಾಫ್ಸಾ ತುಂಬಿದವರು ಹೇಳಿ: ನಮ್ಮ ಸಂಬಳಕ್ಕೆ ಏನಾದರೂ ಸಿಗುತ್ತಾ?

ಕೇಳಿದವರು (ಇಲಿನಾಯ್):

ನಮಸ್ಕಾರ. ಮಗಳು ಈಗ 12ನೇ ಗ್ರೇಡ್, ಮುಂದಿನ ಫಾಲ್‌ಗೆ ಕಾಲೇಜು. ನಮ್ಮೆಲ್ಲರಿಗೂ ಗ್ರೀನ್ ಕಾರ್ಡ್ ಇದೆ. ಮನೆಯಲ್ಲಿ ಯಜಮಾನರೊಬ್ಬರದೇ ದುಡಿಮೆ, ವರ್ಷಕ್ಕೆ ಸುಮಾರು 95,000 ಡಾಲರ್. ಇಷ್ಟು ಸಂಬಳ ಇದ್ದವರಿಗೆ ಬಿಡಿಗಾಸೂ ಬರಲ್ಲ, ಸುಮ್ಮನೆ ಆ ಫಾಫ್ಸಾ (ಕಾಲೇಜು ಖರ್ಚಿಗೆ ಸರ್ಕಾರದ ನೆರವು ಕೇಳುವ ಅರ್ಜಿ) ತುಂಬಿ ಯಾಕೆ ತಲೆ ಕೆಡಿಸಿಕೊಳ್ತೀರಿ ಅಂತ ಪರಿಚಯದವರು ಹೇಳ್ತಾರೆ. ಆದರೆ ಕಾಲೇಜುಗಳ ಖರ್ಚಿನ ಲೆಕ್ಕ ನೋಡಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಫೈನಾನ್ಷಿಯಲ್ ಏಡ್‌ಗೆ ಅರ್ಜಿ ಹಾಕಿದವರು ನಿಮಗೆ ಏನೇನಾಯಿತು ಅಂತ ದಯವಿಟ್ಟು ತಿಳಿಸಿ.

ಕಾಲೇಜಲ್ಲಿ ಮಗನಿರುವ ತಾಯಿ (ನ್ಯೂಜೆರ್ಸಿ):

ಮೊದಲು ಆ ಮಾತನ್ನು ಮನಸ್ಸಿಂದ ತೆಗೆದುಹಾಕಿ. ನಮಗೂ ಹೀಗೇ ಹೇಳಿದ್ದರು. ಫಾಫ್ಸಾ ತುಂಬಲು ಒಂದು ಸೆಂಟೂ ಕೊಡಬೇಕಿಲ್ಲ. ದುಡ್ಡು ಕೊಟ್ಟರೆ ತುಂಬಿಕೊಡ್ತೀವಿ ಅನ್ನುವವರ ಹತ್ತಿರ ಹೋಗಬೇಡಿ, ಸ್ಟೂಡೆಂಟ್‌ಏಡ್ ಡಾಟ್ ಗವ್‌ನಲ್ಲಿ ನೀವೇ ತುಂಬಬಹುದು. ಕಡಿಮೆ ಆದಾಯದವರಿಗೆ ಫೆಡರಲ್ ಸರ್ಕಾರ ಕೊಡುವ, ವಾಪಸ್ ಕೊಡಬೇಕಿಲ್ಲದ ಪೆಲ್ ಗ್ರಾಂಟ್ ಅಂತ ಇದೆ, 2025-26ಕ್ಕೆ ಹೆಚ್ಚೆಂದರೆ 7,395 ಡಾಲರ್. ನಿಮ್ಮ ಆದಾಯಕ್ಕೆ ಅದು ಸಿಗದೇ ಹೋಗಬಹುದು, ಒಪ್ಪುತ್ತೇನೆ. ಆದರೆ ಫಾಫ್ಸಾ ಬರೀ ಪೆಲ್‌ಗಲ್ಲ. ಕಾಲೇಜು ತನ್ನ ಹಣದಿಂದ ಕೊಡುವ ಗ್ರಾಂಟು, ರಾಜ್ಯದ ಗ್ರಾಂಟು, ಓದುತ್ತಾ ದುಡಿಯುವ ವರ್ಕ್-ಸ್ಟಡಿ, ಮಗಳ ಹೆಸರಿನ ಫೆಡರಲ್ ಸಾಲ, ಇವಕ್ಕೆಲ್ಲ ಮೊದಲು ಕೇಳುವುದೇ ಫಾಫ್ಸಾ.

ನಾವು ಶುರುವಿನಲ್ಲೇ ಮುಗ್ಗರಿಸಿದ್ದು ಹೆಸರಿನ ವಿಷಯದಲ್ಲಿ. ಮಗುವಿಗೊಂದು, ಅಪ್ಪ ಅಮ್ಮನಿಗೊಂದು ಎಫ್‌ಎಸ್‌ಎ ಐಡಿ (ಆ ವೆಬ್‌ಸೈಟಿನ ಲಾಗಿನ್) ಬೇಕು. ಗಂಡ ಹೆಂಡತಿ ಟ್ಯಾಕ್ಸ್ ಜಂಟಿಯಾಗಿ ಸಲ್ಲಿಸಿದ್ದರೆ ಇಬ್ಬರಲ್ಲಿ ಒಬ್ಬರದು ಸಾಕು. ಯಜಮಾನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಬೇರೆ ಇಲ್ಲ, ನಮ್ಮ ಕಡೆಯವರಿಗೆ ಇದು ಗೊತ್ತೇ ಇರುತ್ತೆ. ಇಲ್ಲಿಗೆ ಬಂದ ಹೊಸತರಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕಿ, ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿದ್ದರು. ಇವರು ಡ್ರೈವಿಂಗ್ ಲೈಸೆನ್ಸಿನಲ್ಲಿ ಇದ್ದ ಹಾಗೆ ಟೈಪ್ ಮಾಡಿದರು, ಹೊಂದುತ್ತಿಲ್ಲ ಅಂತ ವಾಪಸ್ ಬಂತು. ಮತ್ತೆ ಮಾಡಿದರು, ಮತ್ತೆ ಅದೇ. ಕೊನೆಗೆ ಬೀರುವಿನಿಂದ ಆ ಹಳೇ ನೀಲಿ ಕಾರ್ಡು ತೆಗೆದು, ಮೇಜಿನ ಮೇಲಿಟ್ಟು, ಒಂದೊಂದೇ ಅಕ್ಷರ ನಾನು ಓದಿ ಹೇಳಿ ಅವರು ಟೈಪ್ ಮಾಡಿದ ಮೇಲೆ ಸರಿಹೋಯಿತು. ನಿಮ್ಮ ಕಾರ್ಡುಗಳನ್ನು ಇವತ್ತೇ ತೆಗೆದು ನೋಡಿ. ಐಡಿ ಕೆಲಸ ಮೊದಲೇ ಮುಗಿದಿರಲಿ, ಗಡುವಿನ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ.

ಎರಡನೆಯದು, ಫಾಫ್ಸಾ ನೋಡುವುದು ಎರಡು ವರ್ಷ ಹಿಂದಿನ ಟ್ಯಾಕ್ಸ್. 2026-27ರ ಫಾರ್ಮಿಗೆ 2024ರ ರಿಟರ್ನ್. ನೀವು ಒಪ್ಪಿಗೆ ಕೊಟ್ಟರೆ ಟ್ಯಾಕ್ಸ್ ಇಲಾಖೆ ಐಆರ್‌ಎಸ್‌ನಿಂದ ಅಂಕಿಗಳು ನೇರವಾಗಿ ಬರುತ್ತವೆ. ಆ ಒಪ್ಪಿಗೆ ಕೊಡದಿದ್ದರೆ ಫೆಡರಲ್ ನೆರವೇ ಇಲ್ಲ, ಹಾಗಾಗಿ ಹೆದರದೆ ಕೊಡಿ.

ನಮಗೆ ಪೆಟ್ಟು ಬಿದ್ದದ್ದೂ ಈ ಎರಡು ವರ್ಷದ ಲೆಕ್ಕದಲ್ಲೇ. ಮಗ ಕಾಲೇಜು ಸೇರಿದ್ದು 2024ರ ಫಾಲ್‌ನಲ್ಲಿ, ಫಾರ್ಮ್ ನೋಡಿದ್ದು 2022ರ ಟ್ಯಾಕ್ಸ್. ಆ ವರ್ಷ ಯಜಮಾನರಿಗೆ ಪೂರ್ತಿ ಸಂಬಳ ಇತ್ತು. 2023ರ ಮಾರ್ಚಿನಲ್ಲಿ ಕೆಲಸ ಹೋಯಿತು, ಏಳು ತಿಂಗಳಾದ ಮೇಲೆ ಸಿಕ್ಕ ಕೆಲಸದಲ್ಲಿ ಸಂಬಳ ಮೂರನೇ ಎರಡು ಭಾಗ ಮಾತ್ರ. ಫಾರ್ಮಿಗೆ ಇದ್ಯಾವುದೂ ಗೊತ್ತಿಲ್ಲ. ಫಾಫ್ಸಾ ಲೆಕ್ಕ ಹಾಕಿ ಕೊಡುವ ಸಂಖ್ಯೆಗೆ ಈಗ ಎಸ್‌ಎಐ ಅಂತಾರೆ, ಮೊದಲು ಇಎಫ್‌ಸಿ ಅಂತಿದ್ದರು; ಅದು ದೊಡ್ಡದಾದಷ್ಟೂ ನೆರವು ಕಡಿಮೆ. ನಮ್ಮ ಸಂಖ್ಯೆ ನೋಡಿ ನಾನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ. ಆಮೇಲೆ ಮಗನ ಹೈಸ್ಕೂಲ್ ಕೌನ್ಸೆಲರ್ ಹೇಳಿದ್ದು: ಕಾಲೇಜಿನ ಏಡ್ ಆಫೀಸಿಗೆ ‘ಪ್ರೊಫೆಷನಲ್ ಜಡ್ಜ್‌ಮೆಂಟ್’ ಕೇಳಿ. ಕೆಲಸ ಹೋಗಿದ್ದರೆ, ದೊಡ್ಡ ಆಸ್ಪತ್ರೆ ಖರ್ಚು ಬಂದಿದ್ದರೆ, ಸಾವು ಅಥವಾ ವಿಚ್ಛೇದನ ಆಗಿದ್ದರೆ, ಆ ಆಫೀಸಿನವರು ದಾಖಲೆ ನೋಡಿ ಅಂಕಿ ತಿದ್ದಬಹುದು. ಕಾನೂನೇ ಅವರಿಗೆ ಆ ಅಧಿಕಾರ ಕೊಟ್ಟಿದೆ.

ನಾವು ಬರೆದದ್ದು ಒಂದೇ ಪುಟ. ಗೋಳು ಹೇಳಿಕೊಳ್ಳಲಿಲ್ಲ, ತಾರೀಖು ಮತ್ತು ಅಂಕಿ ಮಾತ್ರ: ಇಂಥ ದಿನ ಕೆಲಸ ಹೋಯಿತು, 2022ರಲ್ಲಿ ಇಷ್ಟು, ಈಗ ಇಷ್ಟು. ಜೊತೆಗೆ ಲೇಆಫ್ ಪತ್ರ, ನಿರುದ್ಯೋಗ ಭತ್ಯೆಯ ಕಾಗದ, ಹೊಸ ಕೆಲಸದ ಮೂರು ಪೇ ಸ್ಟಬ್. ಒಂದು ಕಾಲೇಜಿನವರು ಪತ್ರ ಸಿಗಲೇ ಇಲ್ಲ ಅಂತ ಎರಡು ಸಲ ಹೇಳಿದರು, ಮೂರನೇ ಸಲ ಕಳಿಸಿದೆವು. ಇನ್ನೊಂದು ಕಾಲೇಜಿನವರು ಐದು ವಾರಕ್ಕೆ ಉತ್ತರ ಕೊಟ್ಟು ತಮ್ಮ ಗ್ರಾಂಟನ್ನು 9,000 ಡಾಲರ್ ಹೆಚ್ಚಿಸಿದರು. ಮಗ ಈಗ ಓದುತ್ತಿರುವುದು ಅಲ್ಲೇ. ನಿಮ್ಮ ಮನೆಯ ಪರಿಸ್ಥಿತಿ ಫಾರ್ಮಿನಲ್ಲಿ ಕಾಣದಿದ್ದರೆ ಬಾಯಿಬಿಟ್ಟು ಕೇಳಿ. ಕೇಳುವುದರಲ್ಲಿ ಸಂಕೋಚ ಏನೂ ಇಲ್ಲ.

ಆಫರ್ ಲೆಟರ್ ಓದುವುದೂ ಒಂದು ವಿದ್ಯೆ. ನಮಗೆ ಬಂದ ಒಂದು ಪತ್ರದಲ್ಲಿ ‘ಒಟ್ಟು ನೆರವು 38,000’ ಅಂತ ದಪ್ಪಕ್ಷರದಲ್ಲಿತ್ತು. ಮಗ ಕುಣಿದಾಡಿಬಿಟ್ಟ. ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ನೋಡಿದರೆ ಗ್ರಾಂಟು 14,000, ಮಗನ ಹೆಸರಲ್ಲಿ ಸಾಲ 5,500, ಉಳಿದ 18,500 ಪೇರೆಂಟ್ ಪ್ಲಸ್ ಸಾಲ! ಅದು ನಾವು ತೀರಿಸಬೇಕಾದದ್ದು. ಅವತ್ತಿಂದ ಪ್ರತಿ ಕಾಲೇಜಿಗೂ ಒಂದೇ ಲೆಕ್ಕ ಹಾಕಿದೆ: ಟ್ಯೂಷನ್, ವಸತಿ, ಊಟ, ಪುಸ್ತಕ, ಓಡಾಟ ಸೇರಿಸಿ ಒಟ್ಟು ಖರ್ಚು. ಅದರಲ್ಲಿ ವಾಪಸ್ ಕೊಡಬೇಕಿಲ್ಲದ ಹಣವನ್ನು ಮಾತ್ರ ಕಳೆದೆ. ಹಾಗೆ ನೋಡಿದಾಗ ಟ್ಯೂಷನ್ ದುಬಾರಿ ಅಂತ ಬಿಟ್ಟಿದ್ದ ಕಾಲೇಜೇ ನಮಗೆ ಅಗ್ಗ ಬಿತ್ತು. ಅರ್ಜಿ ಹಾಕುವ ಮೊದಲೇ ಅಂದಾಜು ಬೇಕಾದರೆ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತೆ, ಇವತ್ತು ರಾತ್ರಿಯೇ ಕೂತು ನೋಡಿ.

ಈ ವರ್ಷ ಡಿಗ್ರಿ ಮುಗಿಸುತ್ತಿರುವ ವಿದ್ಯಾರ್ಥಿ (ಕ್ಯಾಲಿಫೋರ್ನಿಯಾ):

ಆಂಟಿ, ನನ್ನ ತಪ್ಪು ನಿಮ್ಮ ಮಗಳು ಮಾಡದಿರಲಿ ಅಂತ ಬರೀತಿದ್ದೇನೆ. 2022ರಲ್ಲಿ ನಾನು ಫಾಫ್ಸಾ ಗಡುವು ಅಂತ ಹುಡುಕಿದಾಗ ಮರುವರ್ಷದ ಜೂನ್ 30 ಅಂತ ಕಂಡಿತು. ಬೇಕಾದಷ್ಟು ಟೈಮ್ ಇದೆ ಅಂದುಕೊಂಡೆ. ಅದು ಫೆಡರಲ್ ಗಡುವು. ನಮ್ಮ ರಾಜ್ಯದ ಕ್ಯಾಲ್ ಗ್ರಾಂಟ್‌ಗೆ ಮಾರ್ಚ್ 2 ಕೊನೆಯ ದಿನ. ನಾನು ಏಪ್ರಿಲ್‌ನಲ್ಲಿ ಕಳಿಸಿದೆ, ಮೊದಲ ವರ್ಷದ ಗ್ರಾಂಟು ಪೂರ್ತಿ ಹೋಯಿತು. ಅಪ್ಪ ಒಂದು ಮಾತೂ ಬೈಯಲಿಲ್ಲ, ವೀಕೆಂಡ್ ಕೂಡ ಕೆಲಸಕ್ಕೆ ಹೋಗಲು ಶುರು ಮಾಡಿದರು. ಅದನ್ನು ನೋಡೋದು ಬೈಸಿಕೊಳ್ಳೋದಕ್ಕಿಂತ ಕಷ್ಟ ಆಯಿತು. ಎರಡನೇ ವರ್ಷಕ್ಕೆ ಅದೇ ಅಕ್ಟೋಬರ್‌ನಲ್ಲೇ ಹಾಕಿದೆ, ಸಿಕ್ಕಿತು. ನಿಮ್ಮ ಇಲಿನಾಯ್‌ನ ಮ್ಯಾಪ್ ಗ್ರಾಂಟು ದುಡ್ಡು ಇರುವವರೆಗೆ ಮಾತ್ರ, ಮೊದಲು ಬಂದವರಿಗೆ ಮೊದಲು. ಫಾರ್ಮ್ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತೆ, ತಡ ಮಾಡಬೇಡಿ.

ಇನ್ನೊಂದು: ಫಾಫ್ಸಾ ಪ್ರತಿ ವರ್ಷ ಹೊಸದಾಗಿ ತುಂಬಬೇಕು. ವರ್ಕ್-ಸ್ಟಡಿ ಸಿಕ್ಕಿದರೆ ಆ ದುಡ್ಡನ್ನ ಫೀಸಿನಲ್ಲಿ ಕಳೀತಾರೆ ಅಂದುಕೊಳ್ಳಬೇಡಿ. ಕೆಲಸ ನಾವೇ ಹುಡುಕಬೇಕು, ನಾನು ಲೈಬ್ರರಿ ಡೆಸ್ಕಿನಲ್ಲಿ ಮಾಡಿದೆ. ದುಡಿದ ಗಂಟೆಗಳಿಗೆ ಸಂಬಳದ ಹಾಗೆ ಬರುತ್ತೆ. ಸಾಲ ತೆಗೆದುಕೊಳ್ಳಲೇಬೇಕಾದರೆ ಸಬ್ಸಿಡೈಸ್ಡ್ ಮೊದಲು, ಓದು ಮುಗಿಯುವವರೆಗೆ ಅದರ ಬಡ್ಡಿ ಸರ್ಕಾರ ಕಟ್ಟುತ್ತೆ. ಮೊದಲ ವರ್ಷದ 5,500ರಲ್ಲಿ ಹೆಚ್ಚೆಂದರೆ 3,500 ಸಬ್ಸಿಡೈಸ್ಡ್ ಇರಬಹುದು. ಹೊರಗಿನ ಸ್ಕಾಲರ್‌ಶಿಪ್ ಬಂದರೆ ಕಾಲೇಜಿಗೆ ತಿಳಿಸಬೇಕಾಗುತ್ತೆ. ಆಗ ಅವರು ಸಾಲ ಕಡಿಮೆ ಮಾಡ್ತಾರಾ, ಗ್ರಾಂಟು ಕಡಿಮೆ ಮಾಡ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಎಚ್-4 ಮಗನ ತಂದೆ (ಟೆಕ್ಸಸ್):

ಕೇಳಿದವರಿಗೆ ಗ್ರೀನ್ ಕಾರ್ಡ್ ಇದೆ, ಇದು ಇಲ್ಲದವರಿಗಾಗಿ. ಎಚ್-4ನಲ್ಲಿರುವ (ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾ) ಮಕ್ಕಳಿಗೆ ಫೆಡರಲ್ ನೆರವು ಇಲ್ಲ. ನಮ್ಮ ದೊಡ್ಡವನು ಹುಟ್ಟಿದ್ದು ಭಾರತದಲ್ಲಿ, ಚಿಕ್ಕವಳು ಇಲ್ಲಿ. ಅವಳು ನಾಗರಿಕಳು, ನಮ್ಮ ವೀಸಾ ಯಾವುದೇ ಇರಲಿ ಅವಳು ಫಾಫ್ಸಾ ಹಾಕಬಹುದು. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ನ್ಯಾಯ, ಅಣ್ಣನಿಗೆ ಇದನ್ನು ವಿವರಿಸುವಾಗ ಗಂಟಲು ಕಟ್ಟಿತು. ಅವನಿಗೆ ದಾರಿ ಆದದ್ದು ಖಾಸಗಿ ಕಾಲೇಜುಗಳ ಸ್ವಂತ ನೆರವು, ಅದಕ್ಕೆ ಕಾಲೇಜ್ ಬೋರ್ಡಿನ ಸಿಎಸ್‌ಎಸ್ ಪ್ರೊಫೈಲ್ ತುಂಬಿದೆವು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಇವು ವಿದೇಶಿ ಮಕ್ಕಳಿಗೂ ಪ್ರವೇಶ ಕೊಡುವಾಗ ಮನೆಯ ಆರ್ಥಿಕ ಸ್ಥಿತಿ ನೋಡುವುದಿಲ್ಲ. ಬೇರೆ ಬಹಳ ಕಾಲೇಜುಗಳು ನೋಡುತ್ತವೆ, ಪಟ್ಟಿ ಮಾಡುವಾಗ ಇದನ್ನು ಕೇಳಿ ತಿಳಿದುಕೊಳ್ಳಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದ್ತಾ ಕಣ್ಣು ತುಂಬಿ ಬಂತು. ಇನ್ನೊಂದು ಅನುಮಾನ: ಊರಲ್ಲಿ ನಮ್ಮ ಹೆಸರಲ್ಲಿ ಒಂದು ಸೈಟಿದೆ, ಇಲ್ಲಿ ಸ್ವಂತ ಮನೆ ಇದೆ, 401ಕೆ (ನಿವೃತ್ತಿಯ ಉಳಿತಾಯ) ಇದೆ. ಎಲ್ಲ ತೋರಿಸಬೇಕಾ?

ಕಾಲೇಜಲ್ಲಿ ಮಗನಿರುವ ತಾಯಿ:

ನೀವು ವಾಸ ಇರುವ ಮನೆ ಮತ್ತು 401ಕೆಯಲ್ಲಿ ಇರುವ ಮೊತ್ತ ಫಾಫ್ಸಾಗೆ ಬೇಡ. ಊರಿನ ಸೈಟು ಬೇಕು. ಅದು ಬೇರೆ ದೇಶದಲ್ಲಿದ್ದರೂ ಹೂಡಿಕೆಯೇ. ಇವತ್ತಿನ ಬೆಲೆಯಲ್ಲಿ ಅದರ ಮೇಲಿನ ಸಾಲ ಕಳೆದು ಡಾಲರ್‌ಗೆ ಬದಲಿಸಿ ಬರೆಯಿರಿ. ಅಣ್ಣತಮ್ಮಂದಿರ ಜೊತೆ ಜಂಟಿ ಇದ್ದರೆ ನಿಮ್ಮ ಪಾಲು ಮಾತ್ರ. ಯಾರಿಗೆ ಗೊತ್ತಾಗುತ್ತೆ ಅಂತ ಮುಚ್ಚಿಡಬೇಡಿ, ಸುಳ್ಳು ಹೇಳಿದರೆ ದಂಡ, ಜೈಲು ಎರಡೂ ಇದೆ ಅಂತ ಫಾರ್ಮಿನಲ್ಲೇ ಬರೆದಿದೆ. ತಂದೆತಾಯಿಯ ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ 5.64 ಶೇಕಡಾ, ಮಗಳ ಹೆಸರಿನ ಉಳಿತಾಯ ಆದರೆ 20 ಶೇಕಡಾ. ಸಿಎಸ್‌ಎಸ್ ಪ್ರೊಫೈಲ್ ಕೇಳುವ ಕಾಲೇಜಾದರೆ ಸ್ವಂತ ಮನೆಯ ವಿವರವೂ ಕೇಳುತ್ತಾರೆ. ಆದಾಯ 1,00,000 ಡಾಲರ್ ಒಳಗಿದ್ದರೆ ಅದರ ಶುಲ್ಕ ಮಾಫಿ, ನಿಮಗೆ ಅನ್ವಯಿಸುತ್ತೆ.

ಕಾಲೇಜು ಸೇರಿದ ಮೇಲೆ ಏಡ್ ಆಫೀಸಿಗೆ ನೀವು ಫೋನ್ ಮಾಡಿದರೆ ಮಗಳ ವಿಷಯ ಹೇಳಲಾಗದು ಅನ್ನಬಹುದು, ವಿದ್ಯಾರ್ಥಿಯ ದಾಖಲೆ ಗುಟ್ಟಾಗಿಡುವ ಫರ್ಪಾ ಕಾನೂನು ಹಾಗಿದೆ. ಸೇರಿದ ವಾರವೇ ಅವಳ ಕೈಲಿ ಒಪ್ಪಿಗೆಯ ಫಾರ್ಮಿಗೆ ಸಹಿ ಹಾಕಿಸಿಕೊಳ್ಳಿ. ನನಗೆ ಇದು ಗೊತ್ತಿಲ್ಲದೆ ಅರ್ಧ ದಿನ ಫೋನ್ ಹಿಡಿದು ಕೂತಿದ್ದೆ.