ಎರಡೇ ಬಾಗಿಲಿನ ಆ ಉದ್ದುದ್ದ ಅಮೆರಿಕನ್ ಕಾರುಗಳು ಎಲ್ಲಿ ಹೋದವು?

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ಸಾರ್, ನಮಸ್ಕಾರ. ನಮ್ಮ ದೊಡ್ಡಪ್ಪ 1970ರ ದಶಕದಲ್ಲಿ ಮಿಷಿಗನ್‌ಗೆ ಹೋದವರು. ಅವರು ಅಲ್ಲಿಂದ ಕಳಿಸಿದ್ದ ಒಂದು ಫೋಟೊ ಈಗ ಸಿಕ್ಕಿತು. ಕಂದು ಬಣ್ಣದ ಕಾರಿನ ಮುಂದೆ ನಿಂತಿದ್ದಾರೆ. ಕಾರು ಎಷ್ಟು ಉದ್ದ ಅಂದರೆ ಫೋಟೊದಲ್ಲಿ ಪೂರ್ತಿ ಹಿಡಿದೇ ಇಲ್ಲ. ಆದರೆ ಬಾಗಿಲು ಮಾತ್ರ ಆ ಕಡೆ ಒಂದು, ಈ ಕಡೆ ಒಂದು. ಫೋಟೊ ಹಿಂದೆ "ಲಿಂಕನ್ ಕಾಂಟಿನೆಂಟಲ್ ಮಾರ್ಕ್ 5" ಅಂತ ಅವರ ಕೈಬರಹ ಇದೆ. ಈಚೆಗೆ ಮಗಳ ಮನೆಗೆ ಅಂತ ಚಿಕಾಗೊಗೆ ಹೋಗಿದ್ದಾಗ ಇಂಥ ಕಾರು ರಸ್ತೆಯಲ್ಲಿ ಒಂದೂ ಕಾಣಲಿಲ್ಲ. ಎಲ್ಲಿ ನೋಡಿದರೂ ಎಸ್‌ಯುವಿ. ಪೆಟ್ರೋಲ್ ದುಬಾರಿಯಾಗಿ ಇವು ನಿಂತುಹೋದವಾ?

ಉತ್ತರ: ನಮಸ್ಕಾರ ಮೇಡಂ. ಡೆಟ್ರಾಯಿಟ್ ಸುತ್ತಮುತ್ತ ಕಾರಿನ ಬಾಡಿ ವಿಭಾಗದಲ್ಲಿ, ಅದರಲ್ಲೂ ಬಾಗಿಲು ಮತ್ತು ಹಿಂಜ್ (ಬಾಗಿಲಿನ ಕೀಲು) ಕೆಲಸದಲ್ಲಿ ಬಹಳ ವರ್ಷ ಕಳೆದವನು ನಾನು. ನಿಮ್ಮ ಪ್ರಶ್ನೆ ನನಗೆ ತುಂಬ ಹತ್ತಿರದ್ದು.

ಫೋಟೊದಲ್ಲಿ ಚಾವಣಿ ಹೊರುವ ಹಿಂದಿನ ಕಂಬದ ಮೇಲೆ ಮೊಟ್ಟೆಯಾಕಾರದ ಒಂದು ಪುಟ್ಟ ಕಿಟಕಿ ಇದೆಯಾ ನೋಡಿ. ಅದನ್ನು ಒಪೆರಾ ವಿಂಡೊ ಅನ್ನುತ್ತಿದ್ದರು. ಮಾರ್ಕ್ 5 ತಯಾರಾದದ್ದು 1977ರಿಂದ 1979ರ ಮಾಡೆಲ್‌ಗಳವರೆಗೆ. ಉದ್ದ 5.85 ಮೀಟರ್, ಅಂದರೆ ನಮ್ಮ ಇನ್ನೋವಾ ಕ್ರಿಸ್ಟಾಗಿಂತ ಒಂದು ಮೀಟರ್‌ಗೂ ಜಾಸ್ತಿ. ತೂಕ ಎರಡು ಟನ್ ಮೇಲೆ. ಇಷ್ಟಾಗಿಯೂ ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಬಗ್ಗಿಸಿ ನುಸುಳಬೇಕು. ಆ ಮೂರು ವರ್ಷದಲ್ಲಿ ಇಂಥವು 2 ಲಕ್ಷಕ್ಕೂ ಹೆಚ್ಚು ಮಾರಾಟವಾದವು.

ಪೆಟ್ರೋಲ್ ವಿಷಯ. ಎಲ್ಲರೂ ಮೊದಲು ಹೇಳುವುದು ಇದನ್ನೇ, ಆದರೆ ಇಸವಿಗಳನ್ನು ಜೋಡಿಸಿ ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಅರಬ್ ದೇಶಗಳು ಎಣ್ಣೆ ನಿಲ್ಲಿಸಿದ್ದು 1973ರ ಅಕ್ಟೋಬರ್‌ನಲ್ಲಿ. ಅಮೆರಿಕದ ಬಂಕ್‌ಗಳ ಮುಂದೆ ಕ್ಯೂ ನಿಂತವು, ಹೆದ್ದಾರಿಯಲ್ಲಿ ಗಂಟೆಗೆ 55 ಮೈಲಿ ಅಂತ ವೇಗಮಿತಿ ಬಂತು. ಆಮೇಲೆ ಏನಾಯಿತು ಗೊತ್ತಾ? 1976ರಲ್ಲಿ ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಓಲ್ಡ್ಸ್‌ಮೊಬೈಲ್ ಕಟ್ಲಸ್, ಅದರಲ್ಲಿ ಜನ ಮುಗಿಬಿದ್ದದ್ದು ಎರಡು ಬಾಗಿಲಿನ ಸುಪ್ರೀಮ್‌ಗೆ. 1977ರಲ್ಲಿ ಶೆವ್ರೊಲೆ ಮಾಂಟೆ ಕಾರ್ಲೊ 4 ಲಕ್ಷ ದಾಟಿತು. ಅದೇ ವರ್ಷ ಫೋರ್ಡ್ ಥಂಡರ್‌ಬರ್ಡ್ 3 ಲಕ್ಷ ದಾಟಿತು. ಈ ಕಾರುಗಳ ಸುಗ್ಗಿಯ ಕಾಲ ಬಂದದ್ದೇ ಎಣ್ಣೆ ಬಿಕ್ಕಟ್ಟಿನ ನಂತರ.

ಕಾರಣ ಇದೆ. ಹೊಗೆ ನಿಯಂತ್ರಣದ ನಿಯಮ, ವಿಮೆಯ ದರ ಎರಡೂ ಸೇರಿ ಅಷ್ಟರಲ್ಲಿ ವೇಗದ ಕಾರುಗಳ ಕಥೆ ಮುಗಿಸಿದ್ದವು. ನಿಮ್ಮ ದೊಡ್ಡಪ್ಪನ ಕಾರಿಗೆ 7.5 ಲೀಟರ್‌ನ ದೊಡ್ಡ ಎಂಜಿನ್ ಹಾಕಿಸಿದ್ದರೂ 1977ರಲ್ಲಿ ಅದು ಕೊಡುತ್ತಿದ್ದ ಶಕ್ತಿ 208 ಅಶ್ವಶಕ್ತಿ ಅಷ್ಟೇ. ಓಡಿಸುವ ಸುಖ ಮಾರಲಾಗದಿದ್ದಾಗ ಕೂರುವ ಸುಖ ಮಾರಿದರು. ಮಖಮಲ್ ಸೀಟು, ಮೆತ್ತೆ ಹಾಕಿದ ವಿನೈಲ್ ಚಾವಣಿ, ಡ್ಯಾಶ್‌ಬೋರ್ಡಲ್ಲಿ ಕಾರ್ಟಿಯೇ ಹೆಸರಿನ ಗಡಿಯಾರ. ಲಿಂಕನ್ ಮಾರ್ಕ್‌ಗಳಿಗೆ ಬಿಲ್ ಬ್ಲಾಸ್, ಜಿವಾಂಶಿ, ಪುಚ್ಚಿ ಥರದ ವಸ್ತ್ರವಿನ್ಯಾಸಕರ ಹೆಸರಿನಲ್ಲಿ ವಿಶೇಷ ಆವೃತ್ತಿಗಳು ಬಂದವು. ಬಡಾವಣೆಯಲ್ಲಿ ಸ್ವಂತ ಮನೆ ಮಾಡಿ, ಒಂದು ಹಂತಕ್ಕೆ ಬಂದೆವು ಅಂದುಕೊಂಡವರಿಗೆ ಅದನ್ನು ನಾಲ್ಕು ಜನರಿಗೆ ಕಾಣುವ ಹಾಗೆ ಹೇಳುವ ದಾರಿ ಈ ಕಾರಾಗಿತ್ತು. "ಬೇರೆಯವರನ್ನು ಕೂರಿಸಿಕೊಂಡು ಓಡಾಡಬೇಕಾದ ಗರಜು ನನಗಿಲ್ಲ, ಇದು ನನಗೋಸ್ಕರ ಕೊಂಡದ್ದು" ಅನ್ನುವುದಕ್ಕೆ ಆ ಎರಡೇ ಬಾಗಿಲು ಸಾಕ್ಷಿ.

ಪ್ರಶ್ನೆ (ಅದೇ ಸದಸ್ಯೆ): ಮೊಟ್ಟೆಯಾಕಾರದ ಕಿಟಕಿ ಇದೆ ಸಾರ್! ಹಾಗಾದರೆ ಅಷ್ಟು ಇಷ್ಟಪಟ್ಟು ಕೊಂಡವರೇ ಯಾಕೆ ಬಿಟ್ಟರು?

ಉತ್ತರ: ಹಿಂದಿನ ಸೀಟಿನಿಂದ. ನನ್ನ ಕಸುಬಿನ ಕಡೆಯಿಂದ ನೋಡಿದರೆ ನನಗೆ ಕಾಣುವ ದೊಡ್ಡ ಕಾರಣ ಇದೇ.

1960ರ, 70ರ ದಶಕದಲ್ಲಿ ಚಿಕ್ಕ ಮಕ್ಕಳಿದ್ದವರೂ ಎರಡು ಬಾಗಿಲಿನ ಕಾರನ್ನೇ ಬೇಕೆಂದು ಕೊಳ್ಳುತ್ತಿದ್ದರು. ಹಿಂದೆ ಬಾಗಿಲೇ ಇಲ್ಲದಿದ್ದರೆ ಮಕ್ಕಳು ಓಡುವ ಕಾರಿನ ಬಾಗಿಲು ತೆಗೆಯುವ ಭಯ ಇಲ್ಲವಲ್ಲ. ಮಕ್ಕಳು ತಾವೇ ಹತ್ತಿ ಹಿಂದೆ ಉರುಳಾಡಿಕೊಂಡು ಬರುತ್ತಿದ್ದರು, ಬೆಲ್ಟು ಹಾಕುವವರು ಯಾರು? 1978ರಲ್ಲಿ ಟೆನೆಸ್ಸಿ ರಾಜ್ಯ ಮೊದಲ ಬಾರಿಗೆ ಮಕ್ಕಳಿಗೆ ಸುರಕ್ಷತಾ ಸೀಟು ಕಡ್ಡಾಯ ಮಾಡಿತು. 1985ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಅಂಥ ಕಾನೂನು ಬಂದಿತ್ತು. ತುಂಬ ಒಳ್ಳೆಯ ಕಾನೂನು, ಎಷ್ಟೋ ಮಕ್ಕಳ ಜೀವ ಉಳಿಸಿದೆ. ಆದರೆ ಈಗ ತಾಯಿಯೊಬ್ಬಳು ಏನು ಮಾಡಬೇಕು ಯೋಚಿಸಿ. ಮುಂದಿನ ಸೀಟು ಮಡಚಬೇಕು, ಮಗುವನ್ನು ಎತ್ತಿಕೊಂಡೇ ಸೊಂಟ ಬಗ್ಗಿಸಿ ಒಳಗೆ ತೂರಬೇಕು, ಬೆನ್ನು ಚಾವಣಿಗೆ ತಾಗಿಸಿಕೊಂಡು ಪಟ್ಟಿ ಬಿಗಿಯಬೇಕು. ದಿನಕ್ಕೆ ನಾಲ್ಕು ಸಲ, ಮಳೆ ಹಿಮ ಅನ್ನದೆ. ಮುಂದೆ 1990ರ ದಶಕದಲ್ಲಿ ಪ್ರಯಾಣಿಕರ ಕಡೆಗೂ ಏರ್‌ಬ್ಯಾಗ್ ಬಂದ ಮೇಲೆ ಮಕ್ಕಳನ್ನು ಮುಂದೆ ಕೂರಿಸಲೇಬಾರದು ಅಂತಾಯಿತು.

ಇನ್ನು ಬಾಗಿಲು. ಇಂಥ ಕಾರಿನ ಬಾಗಿಲು ಹೆಚ್ಚುಕಡಿಮೆ ಒಂದೂವರೆ ಮೀಟರ್ ಉದ್ದ. ಒಳಗೆ ದಪ್ಪ ಗಾಜು, ಅದನ್ನೆತ್ತುವ ಮೋಟಾರು, ಪಕ್ಕದಿಂದ ಗುದ್ದಿದರೆ ತಡೆಯಲಿ ಅಂತ 1973ರಿಂದ ಸೇರಿದ ಉಕ್ಕಿನ ತೊಲೆ, ಕೈ ಇಡುವ ಮೆತ್ತೆ. ಇಷ್ಟೂ ಭಾರ ನೇತಾಡುವುದು ಮುಂದಿನ ಎರಡು ಹಿಂಜ್‌ಗಳ ಮೇಲೆ. ಬಾಗಿಲು ಉದ್ದವಾದಷ್ಟೂ ಹಿಂಜ್ ಮೇಲಿನ ಜಗ್ಗಾಟ ಹೆಚ್ಚು. ಕೆಲವು ವರ್ಷಕ್ಕೆ ಹಿಂಜ್‌ನ ಪಿನ್ನು, ಅದರ ಸುತ್ತ ಇರುವ ಬುಷ್ ಎಂಬ ಬಳೆ ಸವೆದು ಬಾಗಿಲಿನ ಹಿಂತುದಿ ಕೆಳಗೆ ಜೋಲುತ್ತದೆ. ಆಮೇಲೆ ಮುಚ್ಚುವಾಗಲೆಲ್ಲ ಒಂದು ಕೈಯಲ್ಲಿ ಎತ್ತಿ ತಳ್ಳಬೇಕು. ವಯಸ್ಸಾದವರಿಗೆ ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತಳ್ಳುವುದೇ ಒಂದು ಸಾಹಸ, ಮತ್ತು ಈ ಕಾರು ಕೊಳ್ಳುತ್ತಿದ್ದವರಲ್ಲಿ ವಯಸ್ಸಾದವರೇ ಹೆಚ್ಚಾಗತೊಡಗಿದ್ದರು.

ಅಂಗಡಿ ಮುಂದಿನ ಪಾರ್ಕಿಂಗ್ ಲೆಕ್ಕ ಹಾಕಿ ನೋಡಿ. ಒಂದು ಕಾರಿಗೆ ಸಾಮಾನ್ಯವಾಗಿ ಬಿಡುವ ಅಗಲ 9 ಅಡಿ, ಅಂದರೆ 2.7 ಮೀಟರ್. ಮಾರ್ಕ್ 5ರ ಅಗಲವೇ 2 ಮೀಟರ್. ಪಕ್ಕದಲ್ಲೂ ಅಂಥದ್ದೇ ಕಾರು ನಿಂತರೆ ನಡುವೆ ಉಳಿಯುವುದು 70 ಸೆಂಟಿಮೀಟರ್. ಒಂದೂವರೆ ಮೀಟರ್ ಬಾಗಿಲನ್ನು ಅದರಲ್ಲಿ ಎಷ್ಟು ತೆಗೆಯಬಹುದು? ಹಿಂದಿನ ಸೀಟಿನವರು ಇಳಿಯುವುದಂತೂ ದೂರದ ಮಾತು.

1983ರ ಕೊನೆಗೆ ಕ್ರೈಸ್ಲರ್ ಮಿನಿವ್ಯಾನ್ ಬಂತು, ಪಕ್ಕಕ್ಕೆ ಸರಿಯುವ ಬಾಗಿಲು. ಅದರ ಹಿಂದಿದ್ದವರು ಆಗ ಕ್ರೈಸ್ಲರ್ ಮುಖ್ಯಸ್ಥರಾಗಿದ್ದ ಲೀ ಐಯಕೋಕ. ಅದಕ್ಕೂ ಮುಂಚೆ ಲಿಂಕನ್‌ನ ಒಡೆಯ ಕಂಪನಿಯಾದ ಫೋರ್ಡ್‌ನಲ್ಲಿದ್ದಾಗ, ಥಂಡರ್‌ಬರ್ಡ್‌ಗೆ ರೋಲ್ಸ್ ರಾಯ್ಸ್ ಥರದ ಗ್ರಿಲ್ (ಮುಂದಿನ ಜಾಲರಿ) ಇಡಿ ಅಂತ ಹೇಳಿ ಲಿಂಕನ್ ಮಾರ್ಕ್ 3 ಮಾಡಿಸಿದವರೂ ಅವರೇ. ನಿಮ್ಮ ದೊಡ್ಡಪ್ಪನ ಕಾರಿನ ವಂಶ ಶುರು ಮಾಡಿದ ಮನುಷ್ಯನೇ ಮಕ್ಕಳಿರುವ ಮನೆಗಳಿಗೆ ಬೇರೆ ವಾಹನ ತಂದುಕೊಟ್ಟರು.

ಪ್ರಶ್ನೆ (ಡಲ್ಲಾಸ್‌ನ ಸದಸ್ಯರು, ಮೂಲ ದಾವಣಗೆರೆ): ಸಾರ್, ನಾನು ಇದನ್ನು ಪೂರ್ತಿ ಒಪ್ಪಲ್ಲ. ಮೈಲೇಜ್ ಕಾನೂನು ಬಂದು ಕಾರು ಚಿಕ್ಕದು ಮಾಡಲೇಬೇಕಾಯ್ತು. ಚಿಕ್ಕದಾದ ಮೇಲೆ ಅದರ ಗತ್ತು ಹೋಯ್ತು. ಸರ್ಕಾರವೇ ಕೊಂದದ್ದು ಅಂತ ಇಲ್ಲಿ ಹಳಬರೆಲ್ಲ ಹೇಳ್ತಾರೆ.

ಉತ್ತರ: ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. 1975ರ ಕಾನೂನಿನ ಪ್ರಕಾರ ಪ್ರತಿ ಕಂಪನಿಯ ಕಾರುಗಳ ಸರಾಸರಿ 1985ಕ್ಕೆ ಗ್ಯಾಲನ್‌ಗೆ 27.5 ಮೈಲಿ ಮುಟ್ಟಬೇಕಿತ್ತು, ನಮ್ಮ ಲೆಕ್ಕದಲ್ಲಿ ಲೀಟರ್‌ಗೆ ಸುಮಾರು 11.7 ಕಿಲೋಮೀಟರ್. ದೊಡ್ಡ ಕಾರು ಮಾಡುವವರಿಗೆ ಅದು ದೊಡ್ಡ ಹೊರೆಯೇ.

ಆದರೆ ಕ್ಯಾಡಿಲಾಕ್ ಎಲ್ಡೊರಾಡೊವನ್ನೇ ತಗೊಳ್ಳಿ. 1979ರಲ್ಲಿ ಅದನ್ನು 20 ಇಂಚು ಗಿಡ್ಡ ಮಾಡಿದರು, ತೂಕ ಸಾವಿರ ಪೌಂಡ್‌ಗೂ ಹೆಚ್ಚು ಇಳಿಸಿದರು. ಜನ ಬಿಟ್ಟರಾ? ಇಲ್ಲ, ಆ ಕಾರು ಚೆನ್ನಾಗಿ ಓಡಿತು, 1985ರಲ್ಲೂ 75 ಸಾವಿರದ ಮೇಲೆ ಮಾರಾಟ ಆಯಿತು. ಯಾಕೆಂದರೆ ಗಿಡ್ಡವಾದರೂ ಉದ್ದ ಮೂತಿ, ಚೂಪು ಅಂಚು, ನೆಟ್ಟಗೆ ನಿಂತ ಹಿಂಗಾಜು ಹಾಗೇ ಇದ್ದವು. ನೂರು ಗಜ ದೂರದಿಂದಲೂ ಎಲ್ಡೊರಾಡೊ ಅಂತ ಗೊತ್ತಾಗುತ್ತಿತ್ತು.

1986ರಲ್ಲಿ ಮತ್ತೆ 16 ಇಂಚು ಕತ್ತರಿಸಿದರು. ಪೆಟ್ರೋಲ್ ಬೆಲೆ ಗಗನಕ್ಕೇರುತ್ತದೆ ಅಂತ ವರ್ಷಗಳ ಹಿಂದೆಯೇ ಲೆಕ್ಕ ಹಾಕಿ ಮಾಡಿದ ವಿನ್ಯಾಸ ಅದು. ಕಾರು ಶೋರೂಮಿಗೆ ಬರುವಷ್ಟರಲ್ಲಿ ಎಣ್ಣೆ ಬೆಲೆ ಕುಸಿಯಿತು. ಅದಕ್ಕಿಂತ ದೊಡ್ಡ ಅನಾಹುತ ಅಂದರೆ, ಕ್ಯಾಡಿಲಾಕ್‌ನ ಒಡೆಯ ಕಂಪನಿ ಜನರಲ್ ಮೋಟಾರ್ಸ್‌ನದೇ ಆದ, ಎಲ್ಡೊರಾಡೊದ ಅರ್ಧಕ್ಕಿಂತ ಕಡಿಮೆ ಬೆಲೆಯ ಬ್ಯೂಯಿಕ್ ಸಾಮರ್ಸೆಟ್ ಪಕ್ಕದಲ್ಲಿ ನಿಲ್ಲಿಸಿದರೆ ಯಾವುದು ಯಾವುದು ಅಂತ ತಿಳಿಯುತ್ತಿರಲಿಲ್ಲ. ಮಾರಾಟ ಒಂದೇ ವರ್ಷದಲ್ಲಿ 21 ಸಾವಿರಕ್ಕೆ ಬಿತ್ತು. ಅದರ ಜೊತೆ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಬ್ಯೂಯಿಕ್ ರಿವಿಯೆರಾ, ಓಲ್ಡ್ಸ್‌ಮೊಬೈಲ್ ಟೊರೊನಾಡೊಗಳ ಪಾಡೂ ಅಷ್ಟೇ. ರಿವಿಯೆರಾದಲ್ಲಿ ಆಗಲೇ ಟಚ್‌ಸ್ಕ್ರೀನ್ ಇಟ್ಟಿದ್ದರು ಗೊತ್ತಾ, 1986ರಲ್ಲಿ! ರೇಡಿಯೊ ತಿರುಗಿಸಲು ರಸ್ತೆಯಿಂದ ಕಣ್ಣು ತೆಗೆಯಬೇಕು ಅಂತ ಜನ ಗೊಣಗಿದರು. ಇದೇ ದೂರು ಇವತ್ತೂ ಕೇಳುತ್ತಿದ್ದೇವೆ.

ಈ ಮೂರೂ ಕಾರುಗಳನ್ನು ಎಷ್ಟು ಪ್ರೀತಿಯಿಂದ ದುಡಿದು ಕಟ್ಟಿದರು ಅಂತ ಆ ಕಾರ್ಖಾನೆಯವರನ್ನು ಕೇಳಿದರೆ ಗೊತ್ತಾಗುತ್ತದೆ. ಅವರ ದುಡಿಮೆಗೆ ಆದ ಅನ್ಯಾಯ ಅದು ಅಂತಲೇ ನನ್ನ ಅಭಿಪ್ರಾಯ. ತಮ್ಮ ಗ್ರಾಹಕ ಯಾತಕ್ಕೆ ದುಡ್ಡು ಕೊಡುತ್ತಿದ್ದಾನೆ ಅನ್ನುವುದನ್ನೇ ಮೇಲಿನವರು ಮರೆತಿದ್ದರು.

ನಿಮ್ಮ ವಾದಕ್ಕೆ ಬಲ ಕೊಡುವ ಒಂದು ಮಾತನ್ನೂ ಹೇಳುತ್ತೇನೆ. ಅದೇ ಕಾನೂನು ಟ್ರಕ್‌ಗಳಿಗೆ ಬೇರೆ, ಸಡಿಲ ಮಿತಿ ಇಟ್ಟಿತು. ಎಸ್‌ಯುವಿಗಳು ಟ್ರಕ್ ಲೆಕ್ಕಕ್ಕೇ ಸೇರಿದವು. 1990ರ ದಶಕದ ಕೊನೆಗೆ ಟ್ರಕ್‌ಗಳ ಮಿತಿ ಗ್ಯಾಲನ್‌ಗೆ 20.7 ಮೈಲಿ ಮಾತ್ರ. ಹೆಚ್ಚು ಪೆಟ್ರೋಲ್ ಕುಡಿಯುವ ಕಾರಿಗೆ ಹಾಕುವ ವಿಶೇಷ ತೆರಿಗೆಯೂ ಅವಕ್ಕಿಲ್ಲ. ಹಾಗಾಗಿ ಕಂಪನಿಗಳು ದೊಡ್ಡ ಗಾತ್ರ, ದೊಡ್ಡ ಎಂಜಿನ್, ಚರ್ಮದ ಸೀಟು ಎಲ್ಲವನ್ನೂ ಅಲ್ಲಿಗೆ ಸಾಗಿಸಿದವು. 1991ರ ಫೋರ್ಡ್ ಎಕ್ಸ್‌ಪ್ಲೋರರ್ ನಾಲ್ಕು ಬಾಗಿಲಿನೊಂದಿಗೆ ಬಂದು ಗೆದ್ದಿತು. ಅದರ ಹಿಂದಿನ ಬ್ರಾಂಕೊ 2ಕ್ಕೆ ಇದ್ದದ್ದು ಎರಡೇ. 1998ರ ಲಿಂಕನ್ ನ್ಯಾವಿಗೇಟರ್, 1999ರ ಕ್ಯಾಡಿಲಾಕ್ ಎಸ್ಕಲೇಡ್ ಬಂದ ಮೇಲೆ "ನಾನೂ ಒಂದು ಹಂತಕ್ಕೆ ಬಂದೆ" ಅಂತ ಹೇಳಲು ಕೂಪೆ, ಅಂದರೆ ಎರಡು ಬಾಗಿಲಿನ ಕಾರು, ಬೇಕಾಗಲೇ ಇಲ್ಲ. ಅಷ್ಟೇ ಗತ್ತು, ಮೇಲೆ ಕುಟುಂಬವೆಲ್ಲ ಸಲೀಸಾಗಿ ಹತ್ತಬಹುದು.

ಪ್ರಶ್ನೆ (ಮಂಗಳೂರಿನ ಸದಸ್ಯರು): ಕೊನೇವರೆಗೆ ಉಳಿದದ್ದು ಯಾವುದು?

ಉತ್ತರ: ಟೊರೊನಾಡೊ 1992ಕ್ಕೆ ನಿಂತಿತು. ಲಿಂಕನ್ ಮಾರ್ಕ್ 8, 280 ಅಶ್ವಶಕ್ತಿಯ ಬಹಳ ಒಳ್ಳೆಯ ಕಾರು, 1998ಕ್ಕೆ. ರಿವಿಯೆರಾ 1999ಕ್ಕೆ, ಎಲ್ಡೊರಾಡೊ 2002ಕ್ಕೆ, ಮಾಂಟೆ ಕಾರ್ಲೊ 2007ಕ್ಕೆ. 2013ರಲ್ಲಿ ಕ್ಯಾಡಿಲಾಕ್ ಎಲ್ಮಿರಾಜ್ ಅಂತ ಒಂದು ಭಾರೀ ಕೂಪೆಯ ಮಾದರಿ ತೋರಿಸಿತು. ನೋಡಲು ಎರಡು ಕಣ್ಣು ಸಾಲದು, ಆದರೆ ತಯಾರಿಕೆಗೆ ಬರಲಿಲ್ಲ. ಡಾಜ್ ಚಾಲೆಂಜರ್ 2023ರವರೆಗೆ ಇತ್ತು, ಅದು ಮಾರಾಟವಾಗಿದ್ದು ವೇಗಕ್ಕೆ.

ಪ್ರಶ್ನೆ (ಮೈಸೂರಿನ ಸದಸ್ಯರು): ಇದು ಅಮೆರಿಕದ ಕಥೆ ಮಾತ್ರವಾ? ಜರ್ಮನಿಯವರು ಮಾಡ್ತಾನೇ ಇದ್ದಾರಲ್ಲ?

ಉತ್ತರ: ಅವರೂ ಕೈ ಬಿಗಿ ಮಾಡಿದ್ದಾರೆ. ಮರ್ಸಿಡಿಸ್ ತನ್ನ ಎಸ್-ಕ್ಲಾಸ್ ಕೂಪೆ ನಿಲ್ಲಿಸಿತು, ಸಿ-ಕ್ಲಾಸ್ ಮತ್ತು ಇ-ಕ್ಲಾಸ್ ಕೂಪೆಗಳನ್ನು 2023ರಲ್ಲಿ ಸಿಎಲ್‌ಇ ಅಂತ ಒಂದೇ ಕಾರಿಗೆ ಇಳಿಸಿತು. 2004ರಲ್ಲೇ ಸಿಎಲ್‌ಎಸ್ ತಂದು, ಕೂಪೆಯ ಇಳಿಜಾರು ಚಾವಣಿಯನ್ನು ನಾಲ್ಕು ಬಾಗಿಲಿನ ಮೇಲೂ ಕೂರಿಸಬಹುದು ಅಂತ ತೋರಿಸಿದವರೂ ಅವರೇ. ಆ ಚಂದ ನಾಲ್ಕು ಬಾಗಿಲಲ್ಲೇ ಸಿಗುವಾಗ ಎರಡು ಬಾಗಿಲಿಗೆ ಯಾರು ಕಷ್ಟಪಡುತ್ತಾರೆ?

ಪ್ರಶ್ನೆ (ಡಲ್ಲಾಸ್‌ನ ಸದಸ್ಯರು): ಸರಿ ಸಾರ್, ಎಸ್ಕಲೇಡ್ ಮಾತು ಒಪ್ಪಿದೆ. ಇಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು 1978ರ ಮಾರ್ಕ್ 5 ಮಾರ್ತಾ ಇದ್ದಾರೆ. ತಗೊಳ್ಳೋ ಆಸೆ. ಏನು ನೋಡಬೇಕು?

ಉತ್ತರ: ತಗೊಳ್ಳಿ ಸಾರ್, ಉಳಿಸುವವರು ಬೇಕು. ಆದರೆ ಇಷ್ಟು ನೋಡಿ.

ಬಾಗಿಲು ಅರ್ಧ ತೆರೆದು, ಹಿಂತುದಿ ಹಿಡಿದು ಮೇಲಕ್ಕೆತ್ತಿ. ಲಟಲಟ ಆಡಿದರೆ ಹಿಂಜ್ ಬುಷ್ ಸವೆದಿದೆ. ಬುಷ್ ಬದಲಾಯಿಸುವುದು ದೊಡ್ಡ ಖರ್ಚಲ್ಲ. ಎತ್ತುವಾಗ ಹಿಂಜ್ ಕೂತಿರುವ ಕಂಬದ ತಗಡೇ ಅಲುಗಿದರೆ ಮಾತ್ರ ಬಿಟ್ಟುಬಿಡಿ.

ವಿನೈಲ್ ಚಾವಣಿಯ ಅಂಚನ್ನು, ಮುಖ್ಯವಾಗಿ ಒಪೆರಾ ವಿಂಡೊ ಸುತ್ತ ಮತ್ತು ಹಿಂಗಾಜಿನ ಕೆಳಗೆ, ಹೆಬ್ಬೆರಳಲ್ಲಿ ಒತ್ತುತ್ತಾ ಹೋಗಿ. ಗುಳ್ಳೆ ಎದ್ದಿದ್ದರೆ, ಒತ್ತಿದಾಗ ಚರಚರ ಅಂದರೆ, ಒಳಗೆ ನೀರು ಕೂತು ತಗಡು ತುಕ್ಕು ಹಿಡಿದಿದೆ. ಹೊರಗೆ ಬೆರಳಗಲ ಕಂಡರೆ ಒಳಗೆ ಅಂಗೈಯಗಲ ಇರುತ್ತದೆ.

ಹೆಡ್‌ಲೈಟ್ ಮುಚ್ಚಳಗಳು ವ್ಯಾಕ್ಯೂಮ್‌ನಿಂದ, ಅಂದರೆ ಎಂಜಿನ್ ಗಾಳಿ ಎಳೆಯುವ ಬಲದಿಂದ, ಕೆಲಸ ಮಾಡುತ್ತವೆ. ಎರಡೂ ಒಟ್ಟಿಗೆ ಏಳದಿದ್ದರೆ ಎಲ್ಲೋ ರಬ್ಬರ್ ಪೈಪು ಸೋರುತ್ತಿರಬಹುದು, ತಾಳ್ಮೆ ಇದ್ದರೆ ನೀವೇ ಸರಿ ಮಾಡಬಹುದು.

ದುಡ್ಡು ಕೊಡುವ ಮುಂಚೆ ಟೇಪ್ ಹಿಡಿದು ನಿಮ್ಮ ಗ್ಯಾರೇಜ್ ಅಳೆಯಿರಿ. 20 ಅಡಿ ಆಳದ ಗ್ಯಾರೇಜಾದರೆ ಕಾರು ಒಳಗೆ ಹೋದ ಮೇಲೆ ಉಳಿಯುವುದು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಗೋಡೆಗೆ ಶೆಲ್ಫ್ ಹೊಡೆಸಿದ್ದರೆ ಅದೂ ಇಲ್ಲ.