ಬಿ.ಎಂ.ಎಸ್. ಪದವಿ, ಎಂಟೇ ತಿಂಗಳ ಅನುಭವ: ಸರ್ಕಾರಿ ಕೆಲಸಕ್ಕೆ ಎಲ್ಲಿಂದ ಹೊರಡಲಿ?

ಪ್ರಶ್ನೆ (ಡೊಂಬಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಮುಂಬೈ ವಿಶ್ವವಿದ್ಯಾಲಯದಿಂದ ಬಿ.ಎಂ.ಎಸ್. (ಮ್ಯಾನೇಜ್‌ಮೆಂಟ್ ಪದವಿ) ಮುಗಿಸಿದ್ದೇನೆ, ಶೇ 61 ಅಂಕ. ಆಮೇಲೆ ಭಿವಂಡಿಯ ಒಂದು ಗೋದಾಮಿನಲ್ಲಿ ಎಂಟು ತಿಂಗಳು ಬಿಲ್ಲಿಂಗ್ ನೋಡಿಕೊಂಡೆ. ಕೊನೆಯ ಎರಡು ತಿಂಗಳ ಸಂಬಳ ಕೈಗೆ ಬರಲಿಲ್ಲ, ಬಿಟ್ಟು ಬಂದೆ. ಈಗ ಎಲ್ಲಿ ಅರ್ಜಿ ಹಾಕಿದರೂ ಎರಡು ವರ್ಷದ ಅನುಭವ ಕೇಳುತ್ತಾರೆ.

ಅಪ್ಪ ದಾದರಿನ ಹೋಟೆಲೊಂದರಲ್ಲಿ ಮೂವತ್ತು ವರ್ಷದಿಂದ ಗಲ್ಲಾದಲ್ಲಿ ಕೂರುತ್ತಾರೆ. ತಿಂಗಳ ಒಂದನೇ ತಾರೀಕಿಗೆ ಸಂಬಳ ಬರುವ ಕೆಲಸ ನನಗೆ ಸಿಗಬೇಕೆಂಬುದು ಅವರ ಆಸೆ. ಪರಿಚಯದವರೊಬ್ಬರು ಮೂರು ಲಕ್ಷ ಕೊಟ್ಟರೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಅಪ್ಪ ಭವಿಷ್ಯನಿಧಿಯ ಹಣ ತೆಗೆಯುವ ಯೋಚನೆಯಲ್ಲಿದ್ದಾರೆ.

ನನ್ನ ಪದವಿ ನಡೆಯುತ್ತದೆಯೇ? ಅಲ್ಲಿಯೂ ಅನುಭವ ಕೇಳುತ್ತಾರೆಯೇ? ಏಳನೆಯವರೆಗೆ ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದೆ, ನಂತರ ಇಂಗ್ಲಿಷ್ ಮಾಧ್ಯಮ. ಹತ್ತನೆಯಲ್ಲಿ ಮರಾಠಿ ಇತ್ತು.

ಉತ್ತರ 1 (ಮುಲುಂಡ್‌ನಿಂದ)

ತಮ್ಮಾ, ಮೊದಲು ಅಪ್ಪನ ಕೈ ಹಿಡಿದು ಕೂರಿಸಿ ಆ ಮೂರು ಲಕ್ಷದ ಮಾತು ನಿಲ್ಲಿಸು. ಕೇಂದ್ರದ ಗುಮಾಸ್ತ ಹುದ್ದೆಗಳು ಲಿಖಿತ ಪರೀಕ್ಷೆಯ ಅಂಕದ ಮೇಲೆ ತುಂಬುತ್ತವೆ. ಹಣ ಕೇಳುವವನ ಕೈಯಲ್ಲಿ ಕೊಡುವುದಕ್ಕೆ ಹುದ್ದೆಯೇ ಇರುವುದಿಲ್ಲ. ನಮ್ಮ ಚಾಳಿನಲ್ಲಿ ಒಂದು ಮನೆಯವರು ಹೀಗೆ ಊರಿನ ಗದ್ದೆ ಮಾರಿ ಕೊಟ್ಟರು. ಆ ತಾಯಿ ಇವತ್ತಿಗೂ ಅದನ್ನು ಹೇಳುವಾಗ ಅಳುತ್ತಾರೆ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಅರ್ಜಿ ಶುಲ್ಕ 100 ರೂಪಾಯಿ, ಮಹಿಳೆಯರಿಗೆ ಅದೂ ಇಲ್ಲ.

ನಾನು ಬಿ.ಕಾಂ. ಮೂರನೆಯ ಪ್ರಯತ್ನದಲ್ಲಿ ಅದೇ ಪರೀಕ್ಷೆ ಬರೆದು ತೆರಿಗೆ ಸಹಾಯಕಿಯಾದೆ. ಅಲ್ಲಿ ಯಾರೂ ನನ್ನ ಅನುಭವ ಕೇಳಲಿಲ್ಲ, ಹೆಚ್ಚಿನ ಹುದ್ದೆಗಳಿಗೆ ಮಾನ್ಯತೆ ಪಡೆದ ಯಾವ ಪದವಿಯಾದರೂ ಸಾಕು. ನಿನ್ನ ಬಿ.ಎಂ.ಎಸ್. ಧಾರಾಳವಾಗಿ ನಡೆಯುತ್ತದೆ. ಅವರು ನೋಡುವುದು ವಯಸ್ಸು. ಸಾಮಾನ್ಯ ವರ್ಗಕ್ಕೆ ತೆರಿಗೆ ಸಹಾಯಕ ಹುದ್ದೆಗೆ 27, ಆದಾಯ ತೆರಿಗೆ ಇನ್‌ಸ್ಪೆಕ್ಟರ್ ಹುದ್ದೆಗೆ 30. ನಿನಗೆ ಕಾಲವಿದೆ, ಆದರೆ ಕಳೆಯುವಷ್ಟಿಲ್ಲ.

ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ತಪ್ಪೊಂದಕ್ಕೆ ಅರ್ಧ ಅಂಕ ಹೋಗುತ್ತದೆ. ಎರಡು ಸಲ ನಾನು ಎಡವಿದ್ದು ಇಲ್ಲೇ, ಗೊತ್ತಿಲ್ಲದ್ದನ್ನೂ ಗುರುತು ಹಾಕುತ್ತಿದ್ದೆ. ಆಮೇಲೆ ಟೈಪಿಂಗ್: 15 ನಿಮಿಷದಲ್ಲಿ 2000 ಸಲ ಕೀಲಿ ಒತ್ತಬೇಕು. ಮನೆಯ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಆಗುತ್ತಿತ್ತು. ಕೇಂದ್ರದಲ್ಲಿದ್ದದ್ದು ಹಳೆಯ, ದಪ್ಪ ಕೀಲಿಗಳ ಕೀಬೋರ್ಡ್. ಪದಗಳ ನಡುವೆ ಜಾಗ ಬಿಡುವ ಉದ್ದ ಕೀಲಿ (ಸ್ಪೇಸ್ ಬಾರ್) ಒಂದು ತುದಿಯಲ್ಲಿ ಒತ್ತಿದರೆ ಏಳುತ್ತಲೇ ಇರಲಿಲ್ಲ, ಪ್ರತಿ ಪದಕ್ಕೂ ಹೆಬ್ಬೆರಳನ್ನು ನಡುವಿಗೆ ತರಬೇಕಿತ್ತು. ಕಡಿಮೆ ಬೆಲೆಗೆ ಸಿಗುವ ಬಿಡಿ ಕೀಬೋರ್ಡ್ ತಂದು ಅದರ ಮೇಲೆ ಅಭ್ಯಾಸ ಮಾಡು.

ಇನ್ನೊಂದು ವಿಷಯ, ನಮ್ಮವರಿಗೆ ತಪ್ಪದೆ ಬರುವ ತೊಂದರೆ: ಹೆಸರು. ನನ್ನ ಹತ್ತನೆಯ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ನಂತರ ನನ್ನ ಹೆಸರು, ನಂತರ ಅಪ್ಪನ ಹೆಸರು. ಕಾರ್ಕಳದಲ್ಲಿ ಮಾಡಿಸಿದ ಆಧಾರ್‌ನಲ್ಲಿ ಅಡ್ಡಹೆಸರಿಲ್ಲ, ಅಪ್ಪನ ಹೆಸರಿನ ಒಂದಕ್ಷರ ಮಾತ್ರ. ದಾಖಲೆ ಪರಿಶೀಲನೆಯ ದಿನ ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ಪೆನ್ನಿನ ತುದಿಯನ್ನು ಒಂದೊಂದೇ ಅಕ್ಷರದ ಮೇಲೆ ಸರಿಸುತ್ತಾ ಹೋದರು. ನನ್ನ ಅಂಗೈ ಒದ್ದೆಯಾಗಿತ್ತು. ಎರಡೂ ಹೆಸರು ನನ್ನದೇ ಎಂದು ಅಫಿಡವಿಟ್ ಮಾಡಿಸಿ ತಂದು ಹೇಗೋ ಪಾರಾದೆ. ನೀನು ಅರ್ಜಿ ತುಂಬುವ ಮೊದಲೇ ಆಧಾರ್ ಅನ್ನು ಅಂಕಪಟ್ಟಿಗೆ ಸರಿಹೊಂದಿಸಿಕೋ.

ಉತ್ತರ 2 (ಘಾಟ್ಕೋಪರಿನವಳು, ಈಗ ಶಿರಸಿಯಲ್ಲಿ)

ಅಕ್ಕ ಹೇಳಿದ್ದಕ್ಕೆ ಬ್ಯಾಂಕನ್ನೂ ಸೇರಿಸುತ್ತೇನೆ. ಸರ್ಕಾರಿ ಬ್ಯಾಂಕುಗಳಿಗೆ ನೇಮಕಾತಿ ನಡೆಸುವ ಐಬಿಪಿಎಸ್ ಸಂಸ್ಥೆಯ ಕ್ಲರ್ಕ್ ಪರೀಕ್ಷೆಗೆ ಯಾವ ಪದವಿಯಾದರೂ ಆಗುತ್ತದೆ, ವಯಸ್ಸು 20ರಿಂದ 28. ಪಿಒ (ಪ್ರೊಬೇಷನರಿ ಅಧಿಕಾರಿ) ಹುದ್ದೆಗೆ 30ರವರೆಗೆ. ಕ್ಲರ್ಕ್ ಹುದ್ದೆಗೆ ಒಂದೇ ರಾಜ್ಯವನ್ನು ಆರಿಸಬೇಕು ಮತ್ತು ಆ ರಾಜ್ಯದ ಭಾಷೆ ಓದಲು, ಬರೆಯಲು, ಮಾತನಾಡಲು ಬರಬೇಕು. ನಾನು ಕರ್ನಾಟಕ ಆರಿಸಿದೆ. ಹತ್ತನೆಯಲ್ಲಿ ಕನ್ನಡ ಇರಲಿಲ್ಲವಾದ್ದರಿಂದ ಭಾಷಾ ಪರೀಕ್ಷೆ ಕೊಟ್ಟರು. ಅಜ್ಜಿಗೆ ದಿನಾ ಪತ್ರಿಕೆ ಓದಿ ಹೇಳುತ್ತಿದ್ದದ್ದು ಅಂದು ನನ್ನನ್ನು ಕಾಪಾಡಿತು.

ನಿಮ್ಮ ಹತ್ತನೆಯ ಅಂಕಪಟ್ಟಿಯಲ್ಲಿ ಮರಾಠಿ ಇದೆ, ಆದ್ದರಿಂದ ಮಹಾರಾಷ್ಟ್ರ ಆರಿಸಿದರೆ ಆ ಪರೀಕ್ಷೆಯ ತಲೆನೋವಿಲ್ಲ. ಕರ್ನಾಟಕ ಆರಿಸುವುದಾದರೆ ಇಂದಿನಿಂದಲೇ ಕೈಯಲ್ಲಿ ಕನ್ನಡ ಬರೆಯಿರಿ. ಮೊಬೈಲಿನಲ್ಲಿ ಮಾತ್ರ ಬರೆದವರಿಗೆ ಒತ್ತಕ್ಷರ ಪೆನ್ನಿಗೆ ಬರುವುದಿಲ್ಲ, ನನಗೇ ಬರುತ್ತಿರಲಿಲ್ಲ. ಅಪ್ಪ ಅಮ್ಮನನ್ನು ಬಿಟ್ಟು ಬರುವುದು ಕಷ್ಟ, ಅದನ್ನು ಮೊದಲೇ ಯೋಚಿಸಿ.

ಉತ್ತರ 3 (ಠಾಣೆಯಿಂದ)

ಎಂಪಿಎಸ್‌ಸಿ, ಅಂದರೆ ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆ, ಮರೆಯಬೇಡಿ. ರಾಜ್ಯ ಕರ ನಿರೀಕ್ಷಕ ಹುದ್ದೆಗೆ ಯಾವ ಪದವಿಯಾದರೂ ಸಾಕು, ಸಾಮಾನ್ಯ ವರ್ಗಕ್ಕೂ ವಯಸ್ಸು 38ರವರೆಗೆ. ಮರಾಠಿ ಚೆನ್ನಾಗಿರಬೇಕು. ಮಹಾರಾಷ್ಟ್ರದಲ್ಲಿ 15 ವರ್ಷ ವಾಸದ ಅಧಿವಾಸ ಪ್ರಮಾಣಪತ್ರ ಬೇಕು, ಶಾಲೆ ಬಿಟ್ಟ ದಾಖಲೆ ಹಿಡಿದುಕೊಂಡು ಈಗಲೇ ಸರ್ಕಾರಿ ಪ್ರಮಾಣಪತ್ರ ಮಾಡಿಸುವ ಸೇತು ಕೇಂದ್ರಕ್ಕೆ ಹೋಗಿ. ರೈಲ್ವೆಯ ಎನ್‌ಟಿಪಿಸಿ (ತಾಂತ್ರಿಕವಲ್ಲದ ಹುದ್ದೆಗಳ) ಪರೀಕ್ಷೆಯಲ್ಲಿ ಲೆಕ್ಕಪತ್ರ ಸಹಾಯಕ ಹುದ್ದೆಗಳಿವೆ, ಆ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಮನೆಯಲ್ಲಿ ಜಾಗವಿಲ್ಲದಿದ್ದರೆ ಅಭ್ಯಾಸಿಕೆ (ಓದಲು ಕೂರುವ ಕೊಠಡಿ) ಹುಡುಕಿಕೊಳ್ಳಿ. ಒಂದು ಕೋಣೆಯ ಮನೆಯಲ್ಲಿ ಟಿ.ವಿ.ಯ ಎದುರು ಓದಿ ನಾನು ಒಂದು ವರ್ಷ ಕಳೆದುಕೊಂಡೆ.

ಪ್ರಶ್ನೆ ಕೇಳಿದವನಿಂದ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಅಪ್ಪ ಹೋಟೆಲಿನಿಂದ ಬಂದ ಮೇಲೆ ಮುಲುಂಡಿನ ಅಕ್ಕನ ಉತ್ತರವನ್ನು ಗಟ್ಟಿಯಾಗಿ ಓದಿ ಹೇಳಿದೆ. ಗದ್ದೆ ಮಾರಿದವರ ಮಾತು ಬಂದಾಗ ಅವರು ಊಟದ ತಟ್ಟೆ ಬದಿಗೆ ಸರಿಸಿದರು. ಬೆಳಿಗ್ಗೆ ಆ ಪರಿಚಯದವರಿಗೆ ತಾವೇ ಫೋನ್ ಮಾಡಿ ಬೇಡವೆಂದರು.

ಸಿಜಿಎಲ್ ಮತ್ತು ಮಹಾರಾಷ್ಟ್ರದ ಬ್ಯಾಂಕ್ ಕ್ಲರ್ಕ್, ಈ ಎರಡಕ್ಕೇ ಓದುತ್ತೇನೆ. ಅಂಕಪಟ್ಟಿ, ಆಧಾರ್ ಎರಡನ್ನೂ ಹೊರಗೆ ತೆಗೆದು ನೋಡಿದೆ. ಅಪ್ಪನ ಹೆಸರಿನಲ್ಲಿ ಒಂದು ಅಕ್ಷರ ಬೇರೆಯಿದೆ. ಸೋಮವಾರ ಆಧಾರ್ ಕೇಂದ್ರಕ್ಕೆ ಹೋಗುತ್ತಿದ್ದೇನೆ.